ಅಕ್ಕನ ಹತ್ತು ದಿನ

ಅಕ್ಕ ಬಾಟಲಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಬೆಳಕಿನ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂತು, ಸಾಲಾಗಿ ಸಾಗುವ ಖಾಲಿ ಬಾಟಲಿಗಳಲ್ಲಿ ಬಿರುಕು ಬಿಟ್ಟವನ್ನು ಹೆಕ್ಕಿ ತೆಗೆಯಬೇಕು. ರೆಪ್ಪೆ ಬಡಿಯುವಷ್ಟರಲ್ಲಿ ಒಂದೆರಡು ದಾಟಿಬಿಡುತ್ತವೆ. ಹದಿನಾಲ್ಕು ವರ್ಷದಿಂದ ನಮ್ಮ ಮನೆಯ ಒಲೆ ಉರಿದದ್ದು, ಅಮ್ಮನ ಮಾತ್ರೆ ಬಂದದ್ದು, ನಾನು ಓದಿ ಔಷಧಿ ಅಂಗಡಿ ಸೇರಿದ್ದು ಎಲ್ಲ ಅವಳ ಕಣ್ಣಿನ ಪುಣ್ಯ.

ಅಷ್ಟು ವರ್ಷವೂ ಅವಳು ಹಂಗಾಮಿ. ಹನ್ನೊಂದು ತಿಂಗಳು ತುಂಬಿದೊಡನೆ ಕೆಲಸದಿಂದ ಬಿಡಿಸಿ, ಹತ್ತು ದಿನ ಕಳೆದು ಹೊಸಬಳೆಂಬಂತೆ ಮತ್ತೆ ಕರೆಯುತ್ತಿದ್ದರು. ಹಾಗೆ ಮಾಡಿದರೆ ಕಾರ್ಖಾನೆಯವರಿಗೆ ಕಾಯಂ ಮಾಡುವುದು ತಪ್ಪಿತಲ್ಲ! ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಅಲ್ಲಿನ ಹೆಂಗಸರದ್ದು ಒಂದು ಪದ್ಧತಿ. ಬಿಡಿಸಿದ ದಿನ ತಮ್ಮ ಸ್ಟೂಲಿನ ಮೆತ್ತೆಯನ್ನು ಅಲ್ಲೇ ಬಿಟ್ಟು ಬರುತ್ತಾರೆ. ಮೆತ್ತೆ ಇರುವ ತನಕ ಆ ಜಾಗದಲ್ಲಿ ಬೇರೆಯವರು ಕೂರುವುದಿಲ್ಲ. ಅದು ಮನೆಗೆ ಬಂತೆಂದರೆ ಕೆಲಸ ಹೋಯಿತೆಂದೇ ಲೆಕ್ಕ.

ಆ ಹತ್ತು ದಿನ ಅಮ್ಮ ಫೋನನ್ನು ಮಡಿಲಿನಿಂದ ಇಳಿಸುತ್ತಿರಲಿಲ್ಲ. ಈ ಸಲ ಕರೆಯದಿದ್ದರೆ? ಅಕ್ಕ ಮಾತ್ರ ಬೇರೆ ಲೋಕದಲ್ಲಿ. ಕೂದಲು ಬಿಚ್ಚಿಕೊಂಡು ಅಡುಗೆಮನೆಯ ಕಿಟಕಿಯಲ್ಲಿ ಕೂತು, ನೀರಿನ ಲೋಟವನ್ನು ಬಿಸಿಲಿಗೆ ಹಿಡಿಯುತ್ತಿದ್ದಳು. ಗೋಡೆಯ ಮೇಲೆ ಬೆಳಕು ತೇಲುತ್ತಿತ್ತು.

"ನೋಡೇ, ಬೀದಿಯೆಲ್ಲ ಇದರೊಳಗೆ ತಲೆಕೆಳಗಾಗಿ ಓಡಾಡ್ತಿದೆ."

"ಮನೆ ಮುಳುಗಿದ್ರೂ ನಿನ್ನ ಧ್ಯಾನ ನಿನಗೆ," ಎಂದು ನಾನು ರೇಗುತ್ತಿದ್ದೆ. ಅವಳು ನಗುತ್ತಾ ಅಲ್ಲೇ ತೂಕಡಿಸುತ್ತಿದ್ದಳು. ಸಂಜೆ ಎದ್ದು, "ಬೆಳಗಾಯ್ತಾ?" ಎನ್ನುತ್ತಿದ್ದಳು.

ಈ ಸಲ ಹನ್ನೊಂದು ತಿಂಗಳು ತುಂಬಿದ ದಿನ ಅಕ್ಕ ಮೆತ್ತೆಯನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದಳು. ಅಮ್ಮ ನಿಂತಲ್ಲೇ ಅಳತೊಡಗಿದಳು. ನಾನು ಚಪ್ಪಲಿ ಮೆಟ್ಟಿಕೊಂಡೆ.

"ಯಾರು ತೆಗೆದಿದ್ದು ನಿನ್ನ? ಬಾ, ಕೇಳೇ ಬಿಡೋಣ."

"ಯಾರೂ ತೆಗೆದಿಲ್ಲ ಕಣೇ," ಎಂದಳು ಅಕ್ಕ. "ಕಾಯಂ ಮಾಡಿದ್ರು. ಇನ್ಮೇಲೆ ಜಾಗ ಕಾಯ್ಕೊಳ್ಳೋದು ಬೇಡವಲ್ಲ, ಒಗೆಯೋಣ ಅಂತ ತಂದೆ."

ಅಮ್ಮ ಕಣ್ಣು ಒರೆಸಿಕೊಂಡು, "ಇದನ್ನ ಬಾಗಿಲಲ್ಲೇ ಹೇಳೋಕೇನು ಧಾಡಿ?" ಎಂದು ಅವಳ ಬೆನ್ನಿಗೊಂದು ಗುದ್ದಿದಳು. ಆಮೇಲೆ ಖುಷಿಗೆ ಮತ್ತೆ ಅತ್ತಳು.

ನಾನು ಕಾಫಿ ಮಾಡಲು ಹೋದಾಗ ಅಕ್ಕ ಅದೇ ಕಿಟಕಿಯಲ್ಲಿದ್ದಳು. ಲೋಟ ಕೈಯಲ್ಲಿತ್ತು, ಎತ್ತಿ ಹಿಡಿದಿರಲಿಲ್ಲ.

"ನಾಳೆ ಬೆಳಿಗ್ಗೆ ಪಾಳಿ," ಎಂದಳು. "ಹದಿನಾಲ್ಕು ವರ್ಷ ಇದನ್ನೇ ಬೇಡಿಕೊಂಡೆ. ಈಗ ನೋಡು, ನನ್ನ ಹತ್ತು ದಿನ ಹೋಯ್ತಲ್ಲೇ."

ಅವಳ ಕಣ್ಣು ತುಂಬಿತು. ನಾವು ಉಸಿರು ಬಿಗಿಹಿಡಿದು ನೂಕಿದ ಆ ದಿನಗಳಲ್ಲೇ ನನ್ನಕ್ಕ ಬದುಕಿದ್ದಳು. ಅಂಥ ಹೊತ್ತಿನಲ್ಲಿ ಅವಳ ಮೇಲೆ ರೇಗಿದ್ದೆನಲ್ಲ ಎಂದು ನಾಚಿಕೆಯಾಯಿತು.

"ಸಂಬಳವಿಲ್ಲದ ರಜೆ ಕೇಳು," ಎಂದೆ. "ಪ್ರತಿ ವರ್ಷ, ಹತ್ತು ದಿನ. ಮನೆ ನಾನು ನೋಡ್ಕೋತೀನಿ."

ಅಕ್ಕ ಬಾಟಲಿಯಲ್ಲಿ ಬಿರುಕು ಹುಡುಕುವ ಹಾಗೆ ನನ್ನನ್ನೇ ದಿಟ್ಟಿಸಿದಳು. ನಾನು ಕಣ್ಣು ತಪ್ಪಿಸಲಿಲ್ಲ.

"ಮೆತ್ತೆ ಒಗೆದು ಒಣಗಿಸೋಕೂ ಹತ್ತು ದಿನ ಬೇಕು, ಅಲ್ವೇನೇ?" ಎನ್ನುತ್ತಾ ಲೋಟವನ್ನು ಬೆಳಕಿಗೆ ಎತ್ತಿದಳು.