ಪಾವಣ್ಯಾನನ್ನು ಸಾಕಿದ ಮೌಶಿ

ಮೌಶಿಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಕಟ್ಟಿಗೆಯ ದಿಮ್ಮಿ ಬಿದ್ದು ಕಿತ್ತುಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಆ ಬೋಳು ಬೆರಳು ಊರಿಯೇ ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪ್ರತಿ ರೊಟ್ಟಿಯ ಅಂಚಿನಲ್ಲೂ ನುಣ್ಣನೆಯ ಒಂದು ಕುಳಿ ಮೂಡುತ್ತಿತ್ತು.

ಶಿರಸಿ ಹತ್ತಿರದ ಭೈರುಂಬೆ ಕಡೆಯವಳಾದ ನಾನು ಹೊಸದಾಗಿ ನೌಕರಿ ಸಿಕ್ಕಿ ಕಿರವತ್ತಿಯ ಶಾಲೆಗೆ ಹೋದದ್ದು ಎರಡು ಸಾವಿರದ ಇಸವಿಯ ಆಚೀಚೆ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಬೇಯಿಸಿಕೊಳ್ಳಲು ಬೇಸರವಾಗಿ ಹೆದ್ದಾರಿಯ ಧಾಬಾದಲ್ಲಿ ಉಣ್ಣತೊಡಗಿದೆ. ಮುಂದೆ ಲಾರಿಯವರ ಗದ್ದಲ. ನನಗೆ ಹಿಂದಿನ ಅಡುಗೆಮನೆಯಲ್ಲಿ, ಒಲೆಯ ಪಕ್ಕದಲ್ಲಿ ಮಣೆ. ಅಲ್ಲಿ ಕೋಳಿ, ಮಟನ್ ಬೇಯುತ್ತಿದ್ದುದರಿಂದ ನಾನು ಮೊದಲ ದಿನ ಹಿಂಜರಿದು ನಿಂತಿದ್ದೆ. ಎಲ್ಲರೂ ಚಿಕ್ಕಮ್ಮ ಎಂಬರ್ಥದಲ್ಲಿ ಮೌಶಿ ಎಂದೇ ಕರೆಯುತ್ತಿದ್ದ ಅಡುಗೆಯವಳು ಗೂಟಕ್ಕೆ ಸಿಕ್ಕಿಸಿದ್ದ ಹೊಸ ಸೌಟೊಂದನ್ನು ತೋರಿಸಿ, “ಇದು ನಿಮ್ಮದ್ರಿ ಅಕ್ಕೋರ. ಬ್ಯಾರೆ ಯಾವುದಕ್ಕೂ ಹಚ್ಚೂದಿಲ್ಲ. ಕೂಡ್ರಿ” ಅಂದಳು. ನಾನು ಮಾತು ಮಾತಿಗೂ “ಎಂತ” ಅನ್ನುವುದು ಅವಳಿಗೆ ತಮಾಷೆ. “ಎಂತ ಹಾಕ್ಲಿರಿ ಇವತ್ತ?” ಎಂದು ಅಣಕಿಸಿಯೇ ಬಡಿಸುತ್ತಿದ್ದಳು.

ಧಾಬಾ ಕಟ್ಟಿದವನು ಅವಳ ಗಂಡ. ಅವನು ತೀರಿಕೊಂಡ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಮೈದುನ ಕೂತ, ಒಲೆಯ ಮುಂದೆ ಇವಳು ಉಳಿದಳು. ಹಂಚಿಕೆ ಯಾರೂ ಮಾಡಿದ್ದಲ್ಲ, ತಾನಾಗಿಯೇ ಆಗಿಹೋಗಿತ್ತು. ಇಂಥವು ಯಾವಾಗಲೂ ತಾವಾಗಿಯೇ ಆಗುತ್ತವೆ, ಅದೂ ಒಂದೇ ಕಡೆಗೆ.

ಒಂದು ಬೇಸಿಗೆಯಲ್ಲಿ ಮುಂಬೈ ಲಾರಿಯ ಡ್ರೈವರ್ ಒಬ್ಬ ಗಾಜಿನ ಪೆಟ್ಟಿಗೆ ತಂದ. ಒಳಗೆ ಗೇಣುದ್ದದ ಹಲ್ಲಿ. ಹಳದಿ ಮೈಮೇಲೆ ಚಿರತೆಯ ಹಾಗೆ ಕಪ್ಪು ಚುಕ್ಕೆ, ಮೂಲಂಗಿಯಂಥ ದಪ್ಪ ಬಾಲ. ಯಾರೋ ಶ್ರೀಮಂತರ ಹುಡುಗ ಸಾಕಿ ಬೇಸರ ಬಂದು ಕೊಟ್ಟದ್ದಂತೆ. ಮಂಗಳೂರಿಗೆ ಹೋಗಿ ಬರುವಾಗ ಒಯ್ಯುತ್ತೇನೆಂದವನು ಮತ್ತೆ ಆ ದಾರಿಯಲ್ಲಿ ಕಾಣಿಸಲಿಲ್ಲ.

“ನೋಡ್ರಿ ಅಕ್ಕೋರ, ನಮ್ಮಂಗ ಕಣ್ಣ ಮುಚ್ಚಿ ತೆಗಿತೈತಿ!” ಎಂದು ಮೌಶಿ ಬೆರಗಾದಳು. ಗೋಡೆಯ ಹಲ್ಲಿಗೆ ರೆಪ್ಪೆಯಿಲ್ಲ, ಇದಕ್ಕಿತ್ತು. ಮನೆಗೆ ಬಂದ ನೆಂಟನೆಂದು ಅದನ್ನು ‘ಪಾವಣ್ಯಾ’ ಎಂದೇ ಕರೆದಳು.

ಪಾವಣ್ಯಾ ಮಾತ್ರ ಏನೂ ತಿನ್ನಲಿಲ್ಲ. ಅನ್ನ ಇಟ್ಟಳು, ಹಾಲು ಇಟ್ಟಳು, ಬೇಯಿಸಿದ ಮೊಟ್ಟೆ ಪುಡಿಮಾಡಿ ಇಟ್ಟಳು. ಮೂಸಿಯೂ ನೋಡಲಿಲ್ಲ. ಆ ಶನಿವಾರ ಊರಿಗೆ ಹೋದಾಗ ನಾನು ಶಿರಸಿಯ ಕಂಪ್ಯೂಟರ್ ಅಂಗಡಿಯಲ್ಲಿ ಹುಡುಕಿಸಿ, ಕೆಲವು ಹಾಳೆ ಮುದ್ರಿಸಿ ತಂದೆ. ಒಲೆಯ ಪಕ್ಕ ಕೂತು ಕನ್ನಡದಲ್ಲಿ ಓದಿ ಹೇಳಿದೆ. ಇದು ಜೀವಂತ ಹುಳವನ್ನಷ್ಟೇ ತಿನ್ನುತ್ತದೆ, ಅದೂ ಹೊತ್ತು ಮುಳುಗಿದ ಮೇಲೆ. ಹುಳ ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ತಿಂದದ್ದು ಅರಗಬೇಕಾದರೆ ಹೊಟ್ಟೆಯ ಕೆಳಗೆ ಬೆಚ್ಚಗಿರಬೇಕು. ಹೊಸ ಜಾಗದಲ್ಲಿ, ಚಳಿಯಲ್ಲಿ, ಪೊರೆ ಬಿಡುವ ಮುಂಚೆ ಹಸಿವು ಕಡಿಮೆಯಾಗುತ್ತದೆ. ಬಾಲ ದಪ್ಪಗಿರುವತನಕ ಹೆದರಬೇಕಿಲ್ಲ, ಅದರ ಬುತ್ತಿಯೆಲ್ಲ ಅಲ್ಲೇ ಇದೆ.

“ಬಾಲದಾಗ ಬುತ್ತಿ!” ಎಂದು ಮೌಶಿ ನಕ್ಕಳು. ಮರುದಿನದಿಂದಲೇ ಹಿತ್ತಿಲಿನ ಹುಲ್ಲಿನಲ್ಲಿ ಮಿಡತೆ ಹಿಡಿಯತೊಡಗಿದಳು. ಔಷಧ ಹೊಡೆದ ಹೊಲದ ಕಡೆಗೆ ಹೋಗುತ್ತಿರಲಿಲ್ಲ. ಕ್ಯಾಲ್ಸಿಯಂ ಗುಳಿಗೆ ಕುಟ್ಟಿ, ರೊಟ್ಟಿಗೆ ಹಿಟ್ಟು ಉದುರಿಸುವಂತೆ ಮಿಡತೆಗೆ ಉದುರಿಸುತ್ತಿದ್ದಳು. ಆದರೂ ಅದು ತಿನ್ನಲಿಲ್ಲ. ಸಂಜೆಯಾದರೆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು “ತಿನ್ನೋ ನಮ್ಮಪ್ಪಾ” ಎಂದು ಗೋಗರೆಯುತ್ತಿದ್ದಳು. ಒಂದು ಸಂಜೆ ಗಿರಾಕಿ ಹೆಚ್ಚಾಗಿ ಅವಳು ಒಲೆಯ ಕಡೆ ತಿರುಗಿದಳು. ಮತ್ತೆ ಬಂದು ನೋಡಿದರೆ ಮಿಡತೆ ಇಲ್ಲ, ಪಾವಣ್ಯಾ ತುಟಿ ನೆಕ್ಕಿಕೊಳ್ಳುತ್ತಿದೆ.

“ನಾವು ನೋಡಕೋತ ಕುಂತ್ರ ಅದಕ್ಕ ಇಳಿಯೂದಿಲ್ರಿ” ಅಂದಳು.

ಮುಂದಿನ ಮಳೆಗಾಲದಲ್ಲಿ ನನ್ನ ಅಪ್ಪ ತೀರಿಕೊಂಡ. ಕಾರ್ಯ ಮುಗಿಸಿ ಕಿರವತ್ತಿಗೆ ಮರಳಿದ ಮೇಲೆ ನನಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಶಾಲೆಯಲ್ಲಿ ಎಲ್ಲರೂ ಡಬ್ಬಿ ಮುಂದಿಟ್ಟು ಒತ್ತಾಯ ಮಾಡುವವರೇ. ಮೌಶಿ ಮಾತ್ರ ಹಾಗಲ್ಲ. ತಾಟಿನಲ್ಲಿ ಎರಡೇ ತುತ್ತು ಮೊಸರನ್ನ ಇಟ್ಟು, ನನಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಉಳಿಸಿದರೆ ಏಕೆಂದು ಕೇಳುತ್ತಿರಲಿಲ್ಲ. ಅಪ್ಪ ಹೋದ ಮೇಲೆ ನಾನು ಮೊದಲ ಸಲ ಬಾಯಿಬಿಟ್ಟು ಅತ್ತದ್ದು ಆ ಬೆನ್ನಿನ ಹಿಂದೆ ಕೂತು, ಬಾಯಲ್ಲಿ ಅನ್ನ ಇಟ್ಟುಕೊಂಡು. ಅವಳು ಆಗಲೂ ತಿರುಗಲಿಲ್ಲ. ಬಡಿಯುವ ಸದ್ದನ್ನು ಸ್ವಲ್ಪ ಜೋರು ಮಾಡಿದಳು, ಅಷ್ಟೇ.

ಪಾವಣ್ಯಾನ ಸುದ್ದಿ ಲಾರಿಯವರಲ್ಲಿ ಹಬ್ಬಿತು. ನೋಡಲೆಂದೇ ಗಾಡಿ ನಿಲ್ಲಿಸುವವರಾದರು. ಮೈದುನ ಪೆಟ್ಟಿಗೆಯನ್ನು ಎತ್ತಿ ಗಲ್ಲಾದ ಪಕ್ಕಕ್ಕಿಟ್ಟ. ಅಲ್ಲಿ ಟೇಪ್‌ರೆಕಾರ್ಡರಿನ ಅಬ್ಬರ, ಗಾಜಿಗೆ ಬಡಿಯುವ ಬೆರಳುಗಳು. ಮೌಶಿ ಬೇಡವೆಂದಳು. “ಒಲಿ ಮುಂದ ಇಟ್ಟು ಏನ್ ಪೂಜಾ ಮಾಡ್ತಿ?” ಎಂದು ಅವನು ಬಾಯಿ ಮುಚ್ಚಿಸಿದ.

ಆ ಚಳಿಗಾಲ ಪಾವಣ್ಯಾ ತಿನ್ನುವುದು ಕಡಿಮೆ ಮಾಡಿತು. ಬಾಲ ದಪ್ಪಗೇ ಇತ್ತು, ಮೌಶಿಗೆ ಚಿಂತೆಯಿರಲಿಲ್ಲ. ಅದೇ ಹೊತ್ತಿಗೆ ಮಗಳ ಬಾಣಂತನಕ್ಕೆ ಹುಬ್ಬಳ್ಳಿಗೆ ಹೋಗಬೇಕಾಯಿತು. ಹೊರಡುವಾಗ ಮೈದುನನಿಗೆ ಮತ್ತೆ ಮತ್ತೆ ಹೇಳಿದಳು: “ತಿನ್ನಲಿಲ್ಲಂದ್ರ ಬಿಡು. ಬೆಚ್ಚಗ ಬಲ್ಬ್ ಹಚ್ಚು, ನೀರಿಡು. ಮತ್ತೇನೂ ಮಾಡಬ್ಯಾಡ.”

ಒಂದು ಸಂಜೆ ನಾನು ಊಟಕ್ಕೆ ಹೋದಾಗ ಗಲ್ಲಾದ ಸುತ್ತ ಜನ ಮುತ್ತಿದ್ದರು. ಸತ್ತ ಹಲ್ಲಿ ಇಟ್ಟುಕೊಂಡಿದ್ದಾನೆಂದು ಯಾರೋ ನಕ್ಕಿರಬೇಕು. ಮೈದುನ ಅದನ್ನು ಎಡಗೈಯಲ್ಲಿ ಹಿಡಿದು, ಚಮಚದ ಹಿಡಿಯಿಂದ ಬಾಯಿ ಮೀಟಿ, ಮಟನ್ ಚೂರು ತುರುಕುತ್ತಿದ್ದ. ನಾನು ಕೂಗಿಕೊಂಡೆ. “ಆಯ್ತರಿ ಅಕ್ಕೋರ, ನುಂಗಿತು ನೋಡ್ರಿ!” ಎಂದು ಅವನು ಗೆದ್ದವನಂತೆ ಕೈ ಎತ್ತಿದ. ಜನ ಚಪ್ಪಾಳೆ ತಟ್ಟಿದರು.

ಮೌಶಿ ಬರುವಷ್ಟರಲ್ಲಿ ಅದರ ದವಡೆ ಬಾತು, ಒಂದು ಕಡೆ ಸೊಟ್ಟಗಾಗಿತ್ತು. ಯಲ್ಲಾಪುರದ ದನದ ಡಾಕ್ಟರರ ಹತ್ತಿರ ಒಯ್ದಳು. ಅವರು ಮರುಗಿ, ತೊಳೆಯಲು ಔಷಧ ಕೊಟ್ಟರು. ಪ್ರಯೋಜನವಾಗಲಿಲ್ಲ. ಪೆಟ್ಟಿಗೆಯನ್ನು ಒಲೆಯ ಪಕ್ಕಕ್ಕೆ ತಂದಿಟ್ಟುಕೊಂಡು, ಅರಿವೆಯ ತುದಿಯಿಂದ ಹನಿ ಹನಿ ನೀರು ಬಿಡುತ್ತಿದ್ದಳು. ಬಾಲದ ಬುತ್ತಿ ಕರಗುತ್ತಾ ಬಂದು, ಕೊನೆಗೆ ಮೂಳೆಯಷ್ಟೇ ಉಳಿದ ದಿನ ಪಾವಣ್ಯಾ ಸತ್ತಿತು.

ಹಿತ್ತಿಲಲ್ಲಿ ಮಣ್ಣು ಮಾಡಿ ಬಂದು ಕೈ ತೊಳೆಯುತ್ತಿದ್ದವಳಿಗೆ ಮೈದುನ ಹೇಳಿದ: “ಹಲ್ಲಿಗೆ ಇಷ್ಟ ಅಳ್ತಿಯಲ್ಲ, ನಮ್ಮಣ್ಣ ಸತ್ತಾಗ ಹಿಂಗ ಅತ್ತಿರಲಿಲ್ಲ ನೀ.”

ನಾನು ಅಲ್ಲೇ ಇದ್ದೆ. ಅವಳು ಕೈ ಒರೆಸಿಕೊಂಡು ಅವನ ಮುಂದೆ ನಿಂತಳು. “ಅವತ್ತ ಮನಿ ತುಂಬ ಮಂದಿ ಇದ್ರು. ನಿನ್ನ ಗೆಳೆಯರಿಗೆಲ್ಲ ನಾನ ಅಡಿಗಿ ಮಾಡಿದ್ದೆ, ನೆನಪೈತಿ? ಅಳಾಕ ಯಾರ ಬಿಟ್ರು?” ಅಂದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅದನ್ನು ಇಳಿಸಲೂ ಇಲ್ಲ. ನಾಲ್ಕು ಸೀರೆ ಗಂಟುಕಟ್ಟಿಕೊಂಡು ಯಲ್ಲಾಪುರದ ಬಸ್ಸು ಹತ್ತಿದಳು.

ಅಲ್ಲಿನ ಒಂದು ವಿದ್ಯಾರ್ಥಿನಿಲಯದಲ್ಲಿ ಅಡುಗೆಗೆ ಸೇರಿದಳು. ಒಮ್ಮೆ ನೋಡಲು ಹೋದೆ. ಕಪ್ಪು ಹಿಡಿದ ದೊಡ್ಡ ಹಂಡೆಗಳ ನಡುವೆ ಚಿಕ್ಕವಳಾಗಿ ಕಂಡಳು. “ಎಂತಕ್ಕೆ ಮೌಶಿ ಇಷ್ಟು ಸೊರಗಿದ್ರಿ?” ಎಂದೆ. ಎಂತಕ್ಕೆ ಎಂಬ ಮಾತಿಗೆ ಅವಳು ಈ ಸಲ ಅಣಕಿಸಲಿಲ್ಲ. “ಇಲ್ಲಿ ಯಾರು ಉಂಡ್ರು, ಯಾರು ಬಿಟ್ರು ಗೊತ್ತ ಆಗೂದಿಲ್ರಿ. ಕಿಡಕ್ಯಾಗ ತಾಟ ಕೊಡೂದು, ಅಷ್ಟ” ಎಂದಳು.

ನನಗೆ ಸಿದ್ದಾಪುರಕ್ಕೆ ವರ್ಗವಾಯಿತು. ಮಕ್ಕಳಾದರು, ಅವರು ತಟ್ಟೆ ದೂಡಿದ ದಿನಗಳೂ ಬಂದವು. ನಮ್ಮ ಮನೆಯಲ್ಲಿ ಯಾರ ಬಾಯಿಗೂ ಒತ್ತಿ ತುರುಕಿದ್ದಿಲ್ಲ. ಅದು ಮೌಶಿಯಿಂದ ಬಂದದ್ದು.

ಕೆಲವು ವರ್ಷಗಳ ನಂತರ ಹುಬ್ಬಳ್ಳಿಗೆ ಹೋಗುವಾಗ ಬಸ್ಸು ಆ ಧಾಬಾದ ಮುಂದೆಯೇ ನಿಂತಿತು. ಫಲಕ ಹೊಸದು: ಮೌಶಿ ಧಾಬಾ. ಗಲ್ಲಾದ ಮೇಲೆ ಅವಳ ಫೋಟೊ, ಪ್ಲಾಸ್ಟಿಕ್ ಹೂವಿನ ಹಾರ. ಇಳಿದು ಗಲ್ಲಾದ ಹತ್ತಿರ ಹೋದೆ.

“ಹ್ವಾದ ವರ್ಷ ತೀರ್ಕೊಂಡ್ಲ್ರಿ, ಯಲ್ಲಾಪುರದಾಗ” ಎಂದ ಮೈದುನ, ಚಿಲ್ಲರೆ ಕೊಡುತ್ತಲೇ.

“ಮಣ್ಣಿಗೆ ಹೋಗಿದ್ರಾ?”

“ಅವತ್ತ ಗಿರಾಕಿ ಭಾಳ ಇದ್ರು. ಮಗಳು ಬಂದು ಎಲ್ಲಾ ಮಾಡಿದ್ಲಂತ.” ಆಮೇಲೆ ನಕ್ಕು, ಒಳಗಿನ ಮೇಜು ತೋರಿಸಿದ. “ಕೂಡ್ರಿ ಅಕ್ಕೋರ, ಉಂಡ ಹೋಗ್ರಿ. ಮೌಶಿ ಕೈ ರುಚೀನ ಐತಿ ಇನ್ನೂ.”

ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹಸಿವಿಲ್ಲವೆಂದು ಹೇಳಿ ಹೋಗಿ ಬಸ್ಸಿನಲ್ಲಿ ಕೂತೆ.