ಕಾತ್ರಜದ ಬಸ್ಸಿನ ಆ ಚಿತ್ರ ನನ್ನದಲ್ಲ

ಈ ಸುದ್ದಿಹಾಳೆಯ ನೆತ್ತಿಯ ಮೇಲೆ ನೀವು ವಾರವಾರವೂ ನೋಡುವ ಚಿತ್ರವನ್ನು ನಾನು ತೆಗೆದಿಲ್ಲ. ಬಸ್ಸಿನ ಕಿಟಕಿಯೊಳಗೆ ಒಬ್ಬ ಹೆಂಗಸು, ಹೊರಗೆ ಅವಳ ಅಕ್ಕನೋ ಗೆಳತಿಯೋ ಯಾರೋ ಒಬ್ಬಳು, ಸರಳಿನ ಮೇಲೆ ಹೊರಗಿನವಳ ಬೆರಳು, ಆ ಬೆರಳಿನ ಮೇಲೆ ಒಳಗಿನವಳ ಬೆರಳು — ಅದನ್ನು ತೆಗೆದವನು ಚನ್ನಬಸು. ಕೆಳಗೆ ಸಣ್ಣ ಅಕ್ಷರದಲ್ಲಿರುವುದು ನನ್ನ ಹೆಸರು. ಎಂಟು ವರ್ಷಗಳಿಂದ ಅದನ್ನು ಅಲ್ಲಿ ಇಟ್ಟುಕೊಂಡು ಬಂದವನೂ ನಾನೇ.

ಭಾನುವಾರ ಬರಬೇಕಾದ ಹಾಳೆ ಈ ಸಲ ಗುರುವಾರವೇ ಬಂದಿರುವುದಕ್ಕೆ ಕಾರಣವಿದೆ. ಪ್ರದರ್ಶನ, ಸ್ಪರ್ಧೆ, ಅರ್ಜಿ ಕರೆಗಳ ಸುದ್ದಿ ಎಂದಿನಂತೆ ಮುಂದಿನ ಪುಟದಲ್ಲಿವೆ. ದಯವಿಟ್ಟು ಮೊದಲು ಇದನ್ನು ಓದಿ. ಇದನ್ನು ಬಾಯಿಬಿಟ್ಟು ಹೇಳಲು ಮೊನ್ನೆ ಒಂದು ಅವಕಾಶವಿತ್ತು, ಅದನ್ನೂ ಕೈಯಾರೆ ಕಳೆದುಕೊಂಡು ಬಂದೆ. ಈಗ ಬರೆಯುವುದೊಂದೇ ಉಳಿದಿದೆ.

ನಮ್ಮ ಬಳಗಕ್ಕೆ ಹೊಸದಾಗಿ ಸೇರಿದವರಿಗೆ ಚನ್ನಬಸು ಯಾರೆಂದು ಗೊತ್ತಿರಲಿಕ್ಕಿಲ್ಲ. ನಾವು ಪುಣೆಯ ಹತ್ತಿಪ್ಪತ್ತು ಕನ್ನಡಿಗರು ಭಾನುವಾರ ಬೆಳಿಗ್ಗೆ ನನ್ನ ಹೋಟೆಲಿನ ಮೂಲೆಯ ಎರಡು ಮೇಜು ಹಿಡಿದು, ಇಡ್ಲಿ ತಿಂದು, ಕ್ಯಾಮೆರಾ ಹೆಗಲಿಗೇರಿಸಿ ಊರು ಸುತ್ತಲು ಹೊರಡುತ್ತಿದ್ದ ಕಾಲ ಅದು. ಚನ್ನಬಸು ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯಲ್ಲಿ ಉಗ್ರಾಣದ ಗುಮಾಸ್ತ. ವಿಜಾಪುರದ ಕಡೆಯವನು. ಬೆಳಗಿನ ಮೊದಲ ಲೋಕಲ್ ರೈಲು ಹಿಡಿದು, ಮತ್ತೆ ಬಸ್ಸು ಹತ್ತಿ, ಎಲ್ಲರಿಗಿಂತ ದೂರದಿಂದ ಬಂದು ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿರುತ್ತಿದ್ದ. ಅವನ ಹತ್ತಿರ ಕ್ಯಾಮೆರಾ ಇರಲಿಲ್ಲ. ನಾನು ಹೊಸದನ್ನು ಕೊಂಡಾಗ ಹಳೆಯದನ್ನು ಅವನ ಕೈಗಿಟ್ಟೆ. ಹಿಂದಿನ ಪರದೆ ಕೆಟ್ಟುಹೋಗಿತ್ತು, ತೆಗೆದದ್ದೇನೆಂದು ನೋಡಲಾಗುತ್ತಿರಲಿಲ್ಲ. "ನೋಡೂದು ಯಾಕ ಬೇಕ್ರಿ ಶೆಟ್ರ, ಕಣ್ಣಿಲೆ ಒಮ್ಮೆ ನೋಡೇ ತಗದಿರತೇವಲ್ಲ" ಎಂದು ನಕ್ಕಿದ್ದ.

ಮನೆಯಲ್ಲಿ ಕಂಪ್ಯೂಟರೂ ಇರಲಿಲ್ಲ ಅವನಿಗೆ. ತಿರುಗಾಟ ಮುಗಿದ ಮೇಲೆ ಕ್ಯಾಮೆರಾದ ಮೆಮೊರಿ ಕಾರ್ಡನ್ನು ನನ್ನ ಕೈಗೆ ಕೊಟ್ಟು ತಳೇಗಾಂವಕ್ಕೆ ಹೋಗಿಬಿಡುತ್ತಿದ್ದ. ನನ್ನ ಚಿತ್ರಗಳ ಜೊತೆಗೇ ಅವನವನ್ನೂ ಇಳಿಸಿ, ಒಳ್ಳೆಯದನ್ನು ಆರಿಸಿ, ಮುದ್ರಿಸಿ ಕೊಡುವುದು ನನ್ನ ಕೆಲಸ. ಹಿರಿಯ ಎನ್ನುವ ಗತ್ತೂ ಇತ್ತು ಅನ್ನಿ.

ಆ ಭಾನುವಾರ ಕಾತ್ರಜಕ್ಕೆ ಹೋಗಿದ್ದೆವು. ಸಾತಾರಾ ಕಡೆಗೆ, ನಮ್ಮ ಊರುಗಳ ಕಡೆಗೆ ಹೋಗುವ ಬಸ್ಸುಗಳು ನಿಲ್ಲುವ ಜಾಗ. ನಮ್ಮಂಥವರ ಗುಂಪನ್ನು ನೀವು ನೋಡಿದ್ದೀರಿ — ಒಬ್ಬ ಕ್ಯಾಮೆರಾ ಎತ್ತಿದರೆ ಸಾಕು, ಎಲ್ಲರೂ ಅಲ್ಲೇ ಎತ್ತುತ್ತೇವೆ, ಮನೆಗೆ ಹೋಗಿ ನೋಡಿದರೆ ಹತ್ತು ಜನರ ಬಳಿ ಒಂದೇ ಚಿತ್ರ! ಅಂದು ಆ ಕಿಟಕಿಯ ಎದುರು ನಿಂತವರು ನಾವಿಬ್ಬರೇ. ಅವನ ಹೆಗಲು ನನ್ನ ಹೆಗಲಿಗೆ ತಾಗಿತ್ತು. ಬಸ್ಸು ಅಲುಗಿತು, ಇಬ್ಬರೂ ಒತ್ತಿದೆವು. ಒಬ್ಬನ ಚಿತ್ರದಲ್ಲಿ ಬೆರಳುಗಳು ಕೂಡಿದ್ದವು. ಇನ್ನೊಬ್ಬನದರಲ್ಲಿ ಬಸ್ಸು ಸರಿದು ಕೈಗಳು ಬಿಟ್ಟುಹೋಗಿದ್ದವು, ಮಂಜುಮಂಜಾಗಿ.

ಒಂದು ದೊಡ್ಡ ಸ್ಪರ್ಧೆಗೆ ಕಳಿಸುವ ಕೊನೆಯ ದಿನ ಹತ್ತಿರವಿತ್ತು. ಗೆದ್ದವರ ಚಿತ್ರ ಊರೂರಿನ ಪ್ರದರ್ಶನಕ್ಕೆ ಹೋಗುವುದಿತ್ತು, ಜೊತೆಗೆ ಹಿರಿಯ ಛಾಯಾಗ್ರಾಹಕರೊಬ್ಬರ ಬಳಿ ಒಂದು ತಿಂಗಳ ಕಲಿಕೆ. ಎರಡೂ ಕಾರ್ಡುಗಳ ಚಿತ್ರಗಳು ನನ್ನ ಕಂಪ್ಯೂಟರಿನಲ್ಲಿ ಒಂದೇ ಕಡೆ ಬಿದ್ದಿದ್ದವು. ಬೆರಳು ಕೂಡಿದ್ದನ್ನು ಕಂಡೊಡನೆ ಎದೆ ಹಾರಿತು. ಯಾರದಿದು? ಫೈಲಿನ ವಿವರ ತೆರೆದೆ. ತೆಗೆದವರ ಹೆಸರು ಎಂಬಲ್ಲಿ ನನ್ನ ಹೆಸರಿತ್ತು. ಇದು ನನ್ನದಾದರೆ ಇನ್ನೊಂದು ಅವನದು ತಾನೆ! ಅದರ ವಿವರ ತೆರೆದು ನೋಡಲೂ ಇಲ್ಲ. ಬೆರಳು ಕೂಡಿದ್ದನ್ನು ನನ್ನ ಹೆಸರಲ್ಲಿ, ಮಂಜಾದದ್ದನ್ನು ಅವನ ಹೆಸರಲ್ಲಿ, ಹಾಗೇ ಎರಡನ್ನೂ ಕಳಿಸಿದೆ. ಇಲ್ಲಿಯವರೆಗೆ ನಡೆದದ್ದು ತಪ್ಪು ಮಾತ್ರ. ಇಲ್ಲಿಯವರೆಗೆ ನಾನು ಕಳ್ಳನಲ್ಲ.

ನನಗೆ ಮೊದಲ ಬಹುಮಾನ ಬಂತು. ಅವನದು ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು. ಭಾನುವಾರ ಹೋಟೆಲಿನಲ್ಲಿ ಎಲ್ಲರ ಮುಂದೆ ಚನ್ನಬಸು ನನ್ನ ಎರಡೂ ಕೈ ಹಿಡಿದುಕೊಂಡ. "ಶೆಟ್ರ, ನಾನೂ ಅಲ್ಲೇ ನಿಂತಿದ್ನಿರಿ. ನಿಮಗ ಕಂಡದ್ದು ನನಗ ಕಾಣಲಿಲ್ಲ ನೋಡ್ರಿ. ಭಾಳ ಛಲೋ ಬಂದದರಿ, ಭಾಳ ಛಲೋ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಹೊಟ್ಟೆಕಿಚ್ಚಿನ ಒಂದು ಎಳೆಯೂ ಇರಲಿಲ್ಲ.

ಅದೇ ವಾರ ಸ್ಪರ್ಧೆಯವರು ಮೂಲ ಫೈಲು ಕೇಳಿದರು. ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ಗಲ್ಲಾದ ಹಿಂದೆ ಕುಳಿತು ಅದನ್ನು ಹುಡುಕಿ ತೆಗೆದೆ. ಈ ಸಲ ವಿವರವನ್ನು ಪೂರ್ತಿ ಓದಿದೆ. ಹೆಸರು ನನ್ನದೇ. ಅದರ ಕೆಳಗೆ ಕ್ಯಾಮೆರಾದ ಹೆಸರು — ಅದು ನನ್ನ ಹೊಸ ಕ್ಯಾಮೆರಾ ಅಲ್ಲ. ಹಳೆಯದು. ಚನ್ನಬಸುವಿಗೆ ಕೊಟ್ಟದ್ದು.

ಕ್ಯಾಮೆರಾ ಕೊಂಡ ಉತ್ಸಾಹದಲ್ಲಿ ನಾವು ಮೊದಲು ಮಾಡುವ ಕೆಲಸವೇನು? ಅದರೊಳಗೆ ನಮ್ಮ ಹೆಸರು ತುಂಬಿಸುವುದು. ಆಮೇಲೆ ತೆಗೆಯುವ ಪ್ರತಿ ಚಿತ್ರದ ಒಳಗೂ ಅದು ತಾನೇ ಹೋಗಿ ಕೂರುತ್ತದೆ. ಕ್ಯಾಮೆರಾವನ್ನು ಚನ್ನಬಸುವಿಗೆ ಕೊಟ್ಟಾಗ ನಾನು ಆ ಹೆಸರನ್ನು ಅಳಿಸಿರಲಿಲ್ಲ. ಅವನು ತೆಗೆದ ಪ್ರತಿಯೊಂದು ಚಿತ್ರದಲ್ಲೂ, ಅವನಿಗೆ ತಿಳಿಯದ ಹಾಗೆ, ನನ್ನ ಹೆಸರಿತ್ತು.

ಇನ್ನೊಂದು ಫೈಲು ತೆರೆದೆ. ಮಂಜುಮಂಜಾದದ್ದು. ಅದೂ ನನ್ನ ಹೆಸರಿನದೇ, ಹೊಸ ಕ್ಯಾಮೆರಾದ್ದು. ಬಿದ್ದುಹೋದದ್ದು ನಾನು.

ಫೋನು ಕೈಯಲ್ಲೇ ಇತ್ತು. ಒಂದು ಕರೆ ಮಾಡಿದ್ದರೆ — ಅವನೇ ನಗುತ್ತಿದ್ದ, ಬಳಗದವರೆಲ್ಲ ನನ್ನ ಕಾಲೆಳೆಯುತ್ತಿದ್ದರು, ಒಂದು ವಾರದ ತಮಾಷೆಯಾಗಿ ಮುಗಿದುಹೋಗುತ್ತಿತ್ತು. ಆದರೆ ಅಷ್ಟರಲ್ಲಿ ನನಗೆ ಹಾರ ಬಿದ್ದಾಗಿತ್ತು. ಮೂವತ್ತು ವರ್ಷ ಗಲ್ಲಾದಲ್ಲಿ ಕೂತು ಸವೆದವನಿಗೆ ಮೊದಲ ಸಲ ಯಾರೋ "ಕಲಾವಿದರು" ಅಂದಿದ್ದರು. ಆ ಮಾತಿನ ರುಚಿ ನಾಲಿಗೆಯ ಮೇಲೆ ಇನ್ನೂ ಹಾಗೇ ಇತ್ತು. ನಾನು ಅವನ ಫೈಲನ್ನು ಕಳಿಸಿದೆ. ಹೆಸರು ಸರಿಯಾಗಿದೆ ಎಂದು ಅವರೂ ಒಪ್ಪಿಕೊಂಡರು.

ಆದರೂ ನನ್ನ ನಿಜವಾದ ಪಾಪ ಅದಲ್ಲ. ಮುಂದಿನ ಭಾನುವಾರ ಚನ್ನಬಸು ಕೇಳಿದ, "ನಂದೂ ಒಮ್ಮೆ ತೋರಿಸ್ರಿ ಶೆಟ್ರ, ಎಲ್ಲಿ ತಪ್ಪೀನಿ ನೋಡೂಣು." ಕಂಪ್ಯೂಟರ್ ತೆರೆದೆ. ಮಂಜುಮಂಜಾದ ನನ್ನ ಚಿತ್ರವನ್ನು ಅವನ ಮುಂದಿಟ್ಟು ಹೇಳಿದೆ — "ಇದು ನಿನ್ನದು."

ಎರಡೇ ಮಾತು.

ಅವನು ಬಹಳ ಹೊತ್ತು ನೋಡಿದ. "ಕೈ ಸರದ ಹೋಗ್ಯಾವಲ್ರಿ" ಎಂದ. "ನನಗ ಹಂಗ ಕಂಡಿದ್ದಿಲ್ಲ. ಕೂಡಿದ್ದಾಗ ಒತ್ತೀನಿ ಅಂತಿದ್ನಿ. ನನ್ನ ಕಣ್ಣು ನನಗ ಸುಳ್ಳ ಹೇಳತಾವ ಅನಸ್ತದರಿ" ಎಂದ.

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬದಲಿಗೆ ಕಾಫಿ ತರಿಸಿದೆ.

ಅವನು ಆಮೇಲೆ ಮೂರೋ ನಾಲ್ಕೋ ಭಾನುವಾರ ಬಂದ. ನಾನು ಕಲಿಕೆಗೆ ಹೋಗಿ ಬಂದೆ — ಅವನು ಹೋಗಬೇಕಾದ ಕಲಿಕೆಗೆ. ತಿರುಗಿ ಬಂದಾಗ ಅವನಿರಲಿಲ್ಲ. ಕಾರ್ಖಾನೆಯಲ್ಲಿ ಕೆಲಸ ಹೆಚ್ಚಾಗಿದೆಯಂತೆ ಎಂದು ನಾನೇ ಎಲ್ಲರಿಗೂ ಹೇಳಿದೆ. ಅವನ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆದಾಗ ಏನು ಉಡುಗೊರೆ ಒಯ್ದೆ ಗೊತ್ತೇ? ಅದೇ ಚಿತ್ರ. ದೊಡ್ಡದಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿ, ಮೂಲೆಯಲ್ಲಿ "ಚನ್ನಬಸುವಿಗೆ, ಪ್ರೀತಿಯಿಂದ" ಎಂದು ಬರೆದು ನನ್ನ ಸಹಿ ಹಾಕಿ. ಕಳೆದುಕೊಂಡವನ ಮನೆಗೇ ಕದ್ದ ವಸ್ತುವನ್ನು ಒಯ್ದು ಉಪಕಾರ ಮಾಡಿದಂತೆ ಕೊಟ್ಟೆ. ಯಾಕೆ ಹಾಗೆ ಮಾಡಿದೆ? ಅರ್ಧ ಹಿಂದಿರುಗಿಸಿದ ಸಮಾಧಾನವಿತ್ತೋ ಏನೋ — ನನಗೇ ಇವತ್ತಿಗೂ ತಿಳಿದಿಲ್ಲ.

ಹೀಗೆ ವರ್ಷಗಳು ಉರುಳಿದವು. ನಾನು ಹೊಸಬರಿಗೆ ಪಾಠ ಹೇಳಿದೆ. ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋದೆ. "ಕಾಯಬೇಕು, ಬೆರಳು ಕೂಡುವವರೆಗೆ ಕಾಯಬೇಕು" ಎಂದು ಆ ಚಿತ್ರ ತೋರಿಸಿ ಹೇಳುತ್ತಿದ್ದೆನಲ್ಲ, ನಿಮ್ಮಲ್ಲಿ ಎಷ್ಟೋ ಜನ ಕೇಳಿದ್ದೀರಿ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ.

ಈ ಸೋಮವಾರ ಒಂದು ಕರೆ ಬಂತು. ಚನ್ನಬಸುವಿನ ಮಗಳು ಪಲ್ಲವಿ. ಹದಿನೇಳು ವರ್ಷ. ಅಪ್ಪನ ಕಪಾಟಿನಲ್ಲಿ ಬಿದ್ದಿದ್ದ ಆ ಹಳೆಯ ಕ್ಯಾಮೆರಾವನ್ನು ಹೊರತೆಗೆದು, ಪರದೆ ರಿಪೇರಿ ಮಾಡಿಸಿ, ಒಂದು ವರ್ಷದಿಂದ ತಳೇಗಾಂವದ ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿನ ಚಿತ್ರಗಳನ್ನು ತೆಗೆಯುತ್ತಿದ್ದಾಳಂತೆ. ನಮ್ಮ ಹಾಳೆಯಲ್ಲಿ ಬಂದ ಕರೆಯೊಂದನ್ನು ಓದಿದ್ದಾಳೆ — ಹೊಸಬರಿಗೆ ಒಂದು ವರ್ಷದ ಪೂರ್ತಿ ತರಬೇತಿ, ಹದಿನೆಂಟು ತುಂಬದವರಿಗೆ ಪೋಷಕರ ಸಹಿ ಬೇಕು, ಶನಿವಾರ ಸಂಜೆ ಆರಕ್ಕೆ ಕೊನೆ. ಅರ್ಜಿ ತುಂಬುವಾಗ ಏನೋ ಕಂಡಿತಂತೆ.

"ಅಂಕಲ್, ನನ್ನ ಎಲ್ಲಾ ಫೋಟೋದಾಗ ನಿಮ್ಮ ಹೆಸರು ಯಾಕ ಬರ್ತದ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗುಟ್ಟು ಬಯಲಾಯಿತು ಅಂದುಕೊಂಡೆ. ಆ ಹುಡುಗಿ ಕೇಳಿದ್ದು ಅಷ್ಟೇ, ಅದನ್ನು ತೆಗೆಯುವುದು ಹೇಗೆ ಎಂದು. ಎಲ್ಲಿ ಒತ್ತಬೇಕೆಂದು ಹೇಳಿದೆ. "ಹಾಂ, ಹೋತ್ರಿ" ಎಂದಳು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಆಮೇಲೆ ದನಿ ಇಳಿಸಿ ಹೇಳಿದಳು, "ಪಪ್ಪಾ ಸಹಿ ಮಾಡವಲ್ರು ಅಂಕಲ್. ನಮ್ಮ ರಕ್ತದಾಗ ಆ ಕಣ್ಣಿಲ್ಲ ಅಂತಾರ. ಒಂದ ಜಾಗಾದಾಗ, ಒಂದ ಟೈಮಿಗೆ ನಿಂತರೂ ಶೆಟ್ರಿಗೆ ಕಂಡದ್ದು ನನಗ ಕಾಣಲಿಲ್ಲ, ನೀ ಸುಮ್ನ ಬಿ.ಕಾಂ. ಮಾಡು ಅಂತಾರ. ನಿಮ್ಮ ಮಾತು ಕೇಳ್ತಾರ್ರಿ ಅವರು. ನೀವೊಮ್ಮೆ ಬಂದು ಹೇಳ್ರಿ."

ಒಬ್ಬನ ಕಣ್ಣು ಕಿತ್ತದ್ದು ಸಾಲದೆಂದು ಈಗ ಅವನ ಮಗಳ ಕಣ್ಣಿಗೂ ಕೈ ಹಾಕಿದ್ದೇನೆ — ಅಂದು ಹಾಗನ್ನಿಸಿತು. ಇಂದಿಗೂ ಅನ್ನಿಸುತ್ತಿದೆ.

ಮಂಗಳವಾರ ತಳೇಗಾಂವಕ್ಕೆ ಹೋದೆ. ಚನ್ನಬಸುವಿನ ತಲೆ ನೆರೆತಿದೆ. "ಬರ್ರಿ ಬರ್ರಿ ಶೆಟ್ರ, ಎಷ್ಟ ವರ್ಷಾತು!" ಎಂದು ಓಡಿ ಬಂದ. ನನ್ನನ್ನು ಕೂರಿಸಿದ್ದು ಆ ಚಿತ್ರದ ಕೆಳಗೇ. ಅದರ ಗಾಜಿನ ಮೇಲೆ ಒಂದು ಧೂಳಿನ ಕಣವಿರಲಿಲ್ಲ. ಮಗಳ ವಿಷಯ ತೆಗೆದೆ. "ಅವಳಿಗೆ ಕಣ್ಣಿದೆ, ಸಹಿ ಮಾಡು" ಎಂದೆ. ಅವನು ತಲೆ ಅಲ್ಲಾಡಿಸಿದ. ನನ್ನ ತಲೆಯ ಮೇಲಿನ ಗೋಡೆಗೆ ಬೆರಳು ತೋರಿಸಿದ. "ನಿಮಗ ದೇವರು ಕೊಟ್ಟಾನ್ರಿ. ನಮಗ ಕೊಟ್ಟಿಲ್ಲ. ನಾ ಪಟ್ಟ ಸಂಕಟ ಆಕಿ ಪಡೋದು ಬ್ಯಾಡ್ರಿ ಶೆಟ್ರ."

ಪಲ್ಲವಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವನು ತಟ್ಟೆಗೆ ಹಾಕಿದ ಅವಲಕ್ಕಿ ತಿಂದೆ. ಚಹಾ ಕುಡಿದೆ. ಎದ್ದು ಬಂದೆ. ಅವಳು ಗೇಟಿನವರೆಗೂ ಬಂದು, "ಇರ್ಲಿ ಬಿಡ್ರಿ ಅಂಕಲ್" ಎಂದಳು. ಎಂಟು ವರ್ಷದ ಹಿಂದಿನ ಹೇಡಿತನವನ್ನು ವಯಸ್ಸಿನ ಮೇಲೆ, ಆಸೆಯ ಮೇಲೆ ಹಾಕಬಹುದೇನೋ. ಮೊನ್ನೆಯದನ್ನು ಯಾವುದರ ಮೇಲೆ ಹಾಕಲಿ?

ಆದ್ದರಿಂದ ಈ ಹಾಳೆ. ಚನ್ನಬಸು ಬಳಗಕ್ಕೆ ಬರುವುದನ್ನು ಬಿಟ್ಟರೂ ಹಾಳೆ ಓದುವುದನ್ನು ಬಿಟ್ಟಿಲ್ಲ, ನನಗೆ ಗೊತ್ತು. ಎಲ್ಲರ ಮುಂದೆ ಹಾರ ಹಾಕಿಸಿಕೊಂಡವನು ಎಲ್ಲರ ಮುಂದೆಯೇ ಅದನ್ನು ತೆಗೆದಿಡಬೇಕು. ಸ್ಪರ್ಧೆಯವರಿಗೆ ಎರಡೂ ಮೂಲ ಫೈಲುಗಳ ಸಮೇತ ಬರೆದು ಕಳಿಸಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಬರುವ ಭಾನುವಾರ ನಮ್ಮ ಬಳಗದ ಪ್ರದರ್ಶನದಲ್ಲಿ ಬಾಗಿಲ ಎದುರಿನ ಗೋಡೆಗೆ ಆ ಚಿತ್ರ ಚನ್ನಬಸುವಿನ ಹೆಸರಿನಲ್ಲಿ ತೂಗುತ್ತದೆ. ಅದರ ಪಕ್ಕದಲ್ಲಿ ಕೈ ಸರಿದುಹೋದ ಮಂಜು ಚಿತ್ರವೂ ಇರುತ್ತದೆ, ಅದರ ಕೆಳಗೆ ನನ್ನ ಹೆಸರು. ನಾನು ಅಲ್ಲೇ ನಿಂತಿರುತ್ತೇನೆ. ಕೇಳುವವರು ಕೇಳಿ, ಉಗಿಯುವವರು ಉಗಿಯಿರಿ. ಈ ಹಾಳೆಯನ್ನು ಮುಂದಿನ ವಾರದಿಂದ ನೀವು ಯಾರನ್ನು ಆರಿಸುತ್ತೀರೋ ಅವರು ಬರೆಯಲಿ.

ಚನ್ನಬಸು, ಇನ್ನು ಉಳಿದದ್ದು ನಿನಗೆ. ನಿನ್ನ ಕಣ್ಣು ನಿನಗೆ ಸುಳ್ಳು ಹೇಳಿರಲಿಲ್ಲ. ಬೆರಳು ಕೂಡಿದ್ದಾಗಲೇ ನೀನು ಒತ್ತಿದ್ದೆ. ಸುಳ್ಳು ಹೇಳಿದವನು ನಾನು. ನಿನ್ನ ಗೋಡೆಯ ಮೇಲಿರುವುದು ನಿನ್ನದೇ ಚಿತ್ರ. ನನ್ನ ಸಹಿಯನ್ನು ಕೆರೆದು ಹಾಕು, ಅಥವಾ ಹಾಗೇ ಇಟ್ಟುಕೊಂಡು ಬಂದವರಿಗೆಲ್ಲ ನಾನೆಂಥವನೆಂದು ಹೇಳು. ನನ್ನ ಮುಖ ನೋಡಬೇಡ. ಈ ಸಿಟ್ಟನ್ನು ಸಾಯುವವರೆಗೂ ಇಟ್ಟುಕೋ, ಅದು ನಿನ್ನ ಹಕ್ಕು.

ಆದರೆ ಇವತ್ತು ಗುರುವಾರ. ಪಲ್ಲವಿಯ ಅರ್ಜಿಯ ಎರಡನೆಯ ಪುಟದ ಕೆಳಗೆ ತಂದೆಯ ಸಹಿಗೆ ಒಂದು ಗೆರೆ ಖಾಲಿ ಇದೆ. ಅದನ್ನು ಮಾತ್ರ ಶನಿವಾರ ಸಂಜೆ ಆರರೊಳಗೆ ತುಂಬು.