ನಿಮ್ಮನೇಲಿ ನೀರಿರಲಿಲ್ವಾ?

ನಂಜನಗೂಡಿನ ವಕೀಲೆ ಕವನ ಬೆಳಿಗ್ಗೆ ಕರಿಕೋಟು ತೊಟ್ಟು ನಿಂತರೆ ಎದುರು ಪಾರ್ಟಿ ನಡುಗಬೇಕು. ಭಾನುವಾರ ಕೋಟು ಕಳಚಿ ವೇದಿಕೆ ಹತ್ತಿದರೆ ಅದೇ ಪಾರ್ಟಿ ಹೊಟ್ಟೆ ಹಿಡಿದುಕೊಂಡು ನಗಬೇಕು. ಅಮೀನರ ಕೆಮ್ಮು, ಸುಳ್ಳುಸಾಕ್ಷಿಯ ತೊದಲು, ಹಿರಿಯ ವಕೀಲರ ನಶ್ಯದ ಸೀನು, ಎಲ್ಲವೂ ಅವಳ ಗಂಟಲಲ್ಲೇ ಇವೆ. ನಗಿಸುವವರಿಗೇನು ಕೊರಗು ಎನ್ನುವವರು ಅವಳ ಏಕವ್ಯಕ್ತಿ ನಾಟಕದ ಕೊನೆ ನೋಡಿಲ್ಲ, ಅಷ್ಟೆ.

ಆ ನಾಟಕದ ಬೇರು ಅವಳ ಹದಿನೈದನೇ ವಯಸ್ಸಿನಲ್ಲಿದೆ. ಚಿಕ್ಕಯ್ಯನಛತ್ರದ ಹತ್ತಿರ ಅವರ ಬೀದಿಯ ಮುಂದೆ ಸಿನಿಮಾ ನಟಿ ಇಂದುಪ್ರಭಾ ಅವರ ಕಾರು ಪಂಕ್ಚರ್ ಆಗಿ ನಿಂತಿತು. ಬೀದಿಗೆ ಬೀದಿಯೇ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾಗ ಆಕೆ ಕವನಳನ್ನೇ ಕರೆದು, "ಕುಡಿಯೋಕೆ ಸ್ವಲ್ಪ ನೀರು ಕೊಡ್ತೀಯೇನಮ್ಮಾ?" ಎಂದರು. ಹುಡುಗಿಯ ಕಾಲು ನೆಲದ ಮೇಲಿರಲಿಲ್ಲ. ಒಳಗೋಡಿ ಚೊಂಬು ತುಂಬಿದಳು. ಕೂಲಿಯಿಂದ ಆಗಷ್ಟೇ ಬಂದಿದ್ದ ತಾಯಿ ಗೋವಿಂದಮ್ಮ ಅದನ್ನು ಕಿತ್ತುಕೊಂಡಳು.

"ದೊಡ್ಡೋರು ನಮ್ ಬೀದಿ ನೀರ್ ಕುಡುದಾರಾ? ಅಂಗ್ಡಿಗ್ ಓಗಿ ಬಾಟ್ಲಿ ನೀರ್ ತಕ್ಕಂಡ್ ಬಾ, ಓಗು!"

ಕಂಡವರ ಹೊಲದಲ್ಲಿ ಎತ್ತಿ ಹೊಯ್ದ ನೀರನ್ನು ಬೊಗಸೆಯಲ್ಲಿ ಕುಡಿದು ಬೆಳೆದ ಹೆಂಗಸು. ಅವಳಿಗೆ ತಿಳಿದಿದ್ದ ಮರ್ಯಾದೆಯೇ ಅದು. ಕವನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಟೈರು ಬದಲಾಗಿತ್ತು. ಬಾಟಲಿ ಇಸಿದುಕೊಂಡ ನಟಿ, "ಯಾಕಮ್ಮಾ, ನಿಮ್ಮನೇಲಿ ನೀರಿರಲಿಲ್ವಾ?" ಎಂದು ನಗುತ್ತಲೇ ಕೇಳಿದರು. ಹುಡುಗಿ ತಡವರಿಸುವಾಗಲೇ ಕಾರು ಹೊರಟುಹೋಯಿತು.

ಇನ್ನೆಂದೂ ಮಾತಿಗೆ ತಡವರಿಸಬಾರದೆಂದೇ ಕವನ ಲಾ ಓದಿದಳು. ಆದರೂ ಆ ಒಂದು ಪ್ರಶ್ನೆ ಬಿಡಲಿಲ್ಲ, ನಾಟಕ ಬರೆಸಿತು. ಅದರ ಕೊನೆಯಲ್ಲಿ ಅವಳು ತನ್ನ ಮನೆಯ ನೀರು ತುಂಬಿದ ಚೊಂಬನ್ನು ಜನರತ್ತ ಚಾಚಿ ನಿಲ್ಲುತ್ತಾಳೆ. ಜನ ಅಭಿನಯವೆಂದುಕೊಂಡು ಚಪ್ಪಾಳೆ ತಟ್ಟಿ ಎದ್ದುಹೋಗುತ್ತಾರೆ. ಯಾರಿಗೆ ಬೇಕಿತ್ತು ಚಪ್ಪಾಳೆ! ಇಂದುಪ್ರಭಾ ಒಮ್ಮೆ ಬಂದು ಆ ನೀರು ಕುಡಿಯಲಿ ಎಂದು ಅವಳ ಜೀವ ಹಂಬಲಿಸುತ್ತಿತ್ತು.

ಹೋದ ತಿಂಗಳು ತಿ. ನರಸೀಪುರದ ಪ್ರದರ್ಶನಕ್ಕೆ ಬರುತ್ತೇನೆಂದು ಆಕೆ ಒಪ್ಪಿದ್ದರು. ನಾಟಕವೆಂದರೆ ತಪ್ಪಿಸಿಕೊಳ್ಳುತ್ತಿದ್ದ ಗೋವಿಂದಮ್ಮನನ್ನೂ ಕವನ ಹಟ ಮಾಡಿ ಕರೆತಂದಳು. ಮಧ್ಯಾಹ್ನ ನಟಿಯ ಮಗಳು ಫೋನ್ ಮಾಡಿದರು: ಅಮ್ಮ ಹಾಸಿಗೆ ಹಿಡಿದಿದ್ದಾರೆ, ಇನ್ನೆಲ್ಲಿಗೂ ಬರಲಾರರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸಂಜೆ ಅವಳು ನಗಿಸುವಷ್ಟು ನಗಿಸಿದಳು. ಕೊನೆಗೆ ಚೊಂಬು ಚಾಚಿ ನಿಂತಳು. ಎಂದಿನಂತೆ ಚಪ್ಪಾಳೆ ಶುರುವಾಯಿತು. ಅಷ್ಟರಲ್ಲಿ ಗೋವಿಂದಮ್ಮ ಮುಂದಿನ ಸಾಲಿನಿಂದ ಎದ್ದು ಮೆಟ್ಟಿಲು ಹತ್ತಿ ಬಂದಳು.

"ಕೊಡವ್ವ ಇಲ್ಲಿ. ಅವತ್ತು ಕಿತ್ಕಂಡೋಳು ನಾನೇ ಅಲ್ವಾ."

ಚೊಂಬನ್ನು ಕಚ್ಚಿಕೊಂಡೇ ಅಷ್ಟೂ ನೀರು ಕುಡಿದಳು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಚಪ್ಪಾಳೆ ನಿಲ್ಲಿಸಿ ನೋಡುತ್ತಿದ್ದ ಜನರ ಕಡೆ ತಿರುಗಿದಳು.

"ನಮ್ಮನೇಲಿ ನೀರಿತ್ತು ಕಣ್ರಪ್ಪ," ಎಂದಳು. "ಚೆಂದಾಗೇ ಇತ್ತು."